ಹೊಸ ಬೈಕಿನ ಮೊದಲ ಸಾವಿರ ಕಿಲೋಮೀಟರು

ಶೋರೂಮಿನ ಮುಂದೆ ಪೂಜೆ ಮುಗಿಯುತ್ತೆ. ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ, ಟ್ಯಾಂಕಿನ ಮೇಲೆ ಕುಂಕುಮದ ಸ್ವಸ್ತಿಕ, ಚಕ್ರದ ಕೆಳಗಿದ್ದ ನಿಂಬೆಹಣ್ಣು ಚಟ್ ಅಂತ ಒಡೆಯುತ್ತೆ. ಕೀ ಕೈಗೆ ಕೊಟ್ಟು ಫೋಟೋ ತೆಗೆಸಿ, ಸೇಲ್ಸ್‌ನವರು ಕೊನೆಗೆ ಒಂದು ಮಾತು ಹೇಳ್ತಾರೆ: "ಒಂದ್ ಸಾವಿರ ಕಿಲೋಮೀಟರ್ ತನಕ ಸ್ವಲ್ಪ ನಿಧಾನ ಓಡಿಸ್ರಿ." ಅಷ್ಟೇ. ಹೇಳಿ ಮುಂದಿನ ಗಿರಾಕಿ ಕಡೆ ಹೊರಟುಬಿಡ್ತಾರೆ.

ನಿಧಾನ ಅಂದ್ರೆ ಎಷ್ಟು? ಸಾವಿರವೇ ಯಾಕೆ? ಘಟ್ಟ ಹತ್ತಿಸಬಹುದಾ? ಹಿಂದೆ ಇಬ್ಬರನ್ನು ಬೇಡ, ಒಬ್ಬರನ್ನಾದರೂ ಕೂರಿಸಬಹುದಾ? ಈ ಪ್ರಶ್ನೆಗಳಿಗೆ ಉತ್ತರ ಸೀಟಿನ ಕೆಳಗಿರುವ ಮ್ಯಾನ್ಯುಅಲ್‌ನಲ್ಲಿ ಇರುತ್ತೆ. ಆ ಪುಸ್ತಕದ ಪ್ಲಾಸ್ಟಿಕ್ ಕವರ್ ಎಷ್ಟು ಜನ ಹರಿದಿದ್ದೀರಿ, ಕೈ ಎತ್ತಿ ನೋಡೋಣ!

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಯವರಿಗೆ ಈ ವಿಷಯ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ. ಬೆಂಗಳೂರಿನಲ್ಲಿ ಬೈಕು ಕೆಟ್ಟರೆ ಮೆಟ್ರೋ ಇದೆ, ಆಟೋ ಇದೆ, ಎರಡು ಬೀದಿ ಆಚೆ ಮೆಕ್ಯಾನಿಕ್ ಇದ್ದಾನೆ. ಜೋಯಿಡಾ ತಾಲೂಕಿನಲ್ಲಿ ಕಾಡೇ ಹೆಚ್ಚು, ಊರುಗಳು ದೂರ ದೂರ. ಒಳಗಿನ ಹಳ್ಳಿಗಳಿಗೆ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಗಂಟೆಗಟ್ಟಲೆ ಕಾಯಬೇಕು. ಅಲ್ಲಿ ಬೈಕು ಅಂದರೆ ಆಸ್ಪತ್ರೆ, ಕಾಲೇಜು, ರೇಷನ್, ಹಾಲಿನ ಡೇರಿ ಎಲ್ಲವೂ. ಮಗ ಐಟಿ ಕಂಪನಿ ಸೇರಿ ಮೂರು ವರ್ಷದ ಇಎಂಐ ಮೇಲೆ ಅಪ್ಪನಿಗೆ ಕೊಡಿಸಿದ ಗಾಡಿ ಹತ್ತು-ಹದಿನೈದು ವರ್ಷ ದುಡಿಯಬೇಕು. ಆ ಆಯಸ್ಸಿಗೆ ಅಡಿಪಾಯ ಬೀಳುವುದು ಮೊದಲ ತಿಂಗಳಲ್ಲಿ.

ಎಂಜಿನ್ ಒಳಗೆ ಏನಾಗ್ತಿದೆ?

ಸಿಲಿಂಡರ್‌ನ ಒಳಗೋಡೆ ಕನ್ನಡಿಯ ಹಾಗೆ ನುಣುಪಾಗಿ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕಾರ್ಖಾನೆಯಲ್ಲಿ ಬೇಕಂತಲೇ ಅದರ ಮೇಲೆ ಸಣ್ಣ ಸಣ್ಣ ಗೀರುಗಳನ್ನು ಎಳೆದಿರ್ತಾರೆ, ಒಂದರ ಮೇಲೊಂದು ಓರೆಯಾಗಿ ಹಾಯುವ ಗೀರುಗಳು. ಇದಕ್ಕೆ ಹೋನಿಂಗ್ ಅಂತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತೆ. ಗೀರಿನ ಉಬ್ಬು ಪಿಸ್ಟನ್ ರಿಂಗಿಗೆ ತಾಗಿ ಸವೆಯುತ್ತೆ. ರಿಂಗೂ ಸ್ವಲ್ಪ ಸವೆಯುತ್ತೆ. ಸವೆದು ಸವೆದು ಎರಡೂ ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ. ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಳ್ಳುತ್ತಲ್ಲ, ಹಾಗೇ. ವ್ಯತ್ಯಾಸ ಏನಂದ್ರೆ ಚಪ್ಪಲಿ ಕಚ್ಚಿದರೆ ನಾಲ್ಕು ದಿನದಲ್ಲಿ ಗಾಯ ಮಾಯುತ್ತೆ, ಸಿಲಿಂಡರ್‌ಗೆ ಬಿದ್ದ ಗಾಯ ಮಾಯುವುದಿಲ್ಲ.

ಈ ರಿಂಗು ಗೋಡೆಗೆ ಸರಿಯಾಗಿ ಕೂತರೆ ಪೆಟ್ರೋಲ್ ಉರಿದ ಒತ್ತಡ ಪೂರ್ತಿ ಪಿಸ್ಟನ್ ತಳ್ಳುವುದಕ್ಕೆ ಬಳಕೆಯಾಗುತ್ತೆ. ಕೂರದಿದ್ದರೆ ಗ್ಯಾಸ್ ಕೆಳಕ್ಕೆ ಸೋರುತ್ತೆ, ಆಯಿಲ್ ಮೇಲಕ್ಕೆ ಹೋಗಿ ಉರಿಯುತ್ತೆ. ಮೈಲೇಜ್ ಕಡಿಮೆ, ಪಿಕಪ್ ಕಡಿಮೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಹೋದರೆ ಸಾವಿರ ಕಿ.ಮೀ.ಗೆ 25 ಗಂಟೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಅಂತ ಇಟ್ಕೊಳ್ಳಿ. ಒಟ್ಟು 60 ಲಕ್ಷ ಸುತ್ತು. ಅಂದರೆ ಪಿಸ್ಟನ್ 60 ಲಕ್ಷ ಸಲ ಮೇಲೆ ಹೋಗಿ 60 ಲಕ್ಷ ಸಲ ಕೆಳಗೆ ಬಂದಿರುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸ ಕೋಡ್ ಅನ್ನು ಒಮ್ಮೆಲೇ ಎಲ್ಲ ಗ್ರಾಹಕರಿಗೂ ಬಿಡುವುದಿಲ್ಲ. ಮೊದಲು ನೂರರಲ್ಲಿ ಐದು ಜನಕ್ಕೆ, ಆಮೇಲೆ ಇಪ್ಪತ್ತಕ್ಕೆ, ಎಲ್ಲ ಸರಿ ಇದ್ದರೆ ಎಲ್ಲರಿಗೂ. ಬೈಕಿನ ರನ್ನಿಂಗ್-ಇನ್ ಕೂಡ ಅದೇ ಬುದ್ಧಿ: ಲೋಡ್ ಕೊಡಿ, ಆದರೆ ಹಂತ ಹಂತವಾಗಿ.

ತುಂಬಾ ನಿಧಾನವೂ ತಪ್ಪೇ

ಮನೆಯ ಹಿರಿಯರು ಹೇಳುವುದು "ನಲವತ್ತರ ಮೇಲೆ ಹೋಗ್ಬೇಡ". ಇದರಲ್ಲಿ ಅರ್ಧ ಸತ್ಯ ಇದೆ. ಅವರ ಕಾಲದ ಗಾಡಿಗಳು ಹಾಗಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗ್ತಿದ್ದವು. ಅವು ಟೂ-ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು, ಹೊಸದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆಗ ಬಿಡಿಭಾಗಗಳ ಅಳತೆಯಲ್ಲಿ ಇಂದಿನ ನಿಖರತೆ ಇರಲಿಲ್ಲ, ಆಯಿಲ್ಲೂ ಇಷ್ಟು ಚೆನ್ನಾಗಿರಲಿಲ್ಲ. ಸ್ವಲ್ಪ ಜೋರು ಮಾಡಿದರೆ ಪಿಸ್ಟನ್ ಬಿಸಿಯಾಗಿ ಹಿಗ್ಗಿ ಸಿಲಿಂಡರ್‌ನಲ್ಲೇ ಕಚ್ಚಿಕೊಳ್ಳುತ್ತಿತ್ತು. ಅಜ್ಜನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಇವತ್ತಿನ ಫೋರ್-ಸ್ಟ್ರೋಕ್ ಬಿಎಸ್-6 ಗಾಡಿಗಳು ಬೇರೆ. ರಿಂಗು ಗೋಡೆಗೆ ಒತ್ತಿಕೊಳ್ಳುವುದು ಬಹಳಮಟ್ಟಿಗೆ ಉರಿದ ಗ್ಯಾಸಿನ ಒತ್ತಡದಿಂದಲೇ. ಆ ಗ್ಯಾಸು ರಿಂಗಿನ ಹಿಂದೆ ಹೋಗಿ ಅದನ್ನು ಹೊರಕ್ಕೆ ತಳ್ಳುತ್ತೆ. ಥ್ರಾಟಲ್ ಕೊಡದೇ ಆಮೆಯಂತೆ ಓಡಿಸಿದರೆ ಆ ಒತ್ತಡವೇ ಹುಟ್ಟುವುದಿಲ್ಲ. ಗೀರುಗಳ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟಿ, ಆಮೇಲೆ ರಿಂಗು ಎಷ್ಟು ಓಡಿಸಿದರೂ ಸರಿಯಾಗಿ ಕೂರದೇ ಹೋಗಬಹುದು.

ಹಾಗಂತ "ಮೊದಲ ದಿನವೇ ಫುಲ್ ಥ್ರಾಟಲ್ ತಿರುಚಿ, ರೇಸಿನವರು ಹಾಗೇ ಮಾಡ್ತಾರೆ" ಅನ್ನುವ ವಾದಕ್ಕೂ ಬೀಳಬೇಡಿ. ರೇಸ್ ಎಂಜಿನ್ ಅನ್ನು ಬಿಚ್ಚಿ ಮತ್ತೆ ಕಟ್ಟುವುದು ಮಾಮೂಲಿ. ನಿಮ್ಮಪ್ಪನ ಗಾಡಿಯನ್ನು ಹಾಗೆ ಬಿಚ್ಚುವವರು ಯಾರು? ಅಲ್ಲದೆ ಹೊಸದಿರುವುದು ಎಂಜಿನ್ ಒಂದೇ ಅಲ್ಲ. ಗೇರು, ಕ್ಲಚ್, ಚೈನು, ಬ್ರೇಕು, ಟೈರು ಎಲ್ಲವೂ ಹೊಸದು. ಎಲ್ಲದಕ್ಕೂ ಹೊಂದಿಕೊಳ್ಳಲು ಸಮಯ ಬೇಕು.

ಹೋಂಡಾದ ಮ್ಯಾನ್ಯುಅಲ್‌ಗಳು ಮೊದಲ 500 ಕಿ.ಮೀ.ಗೆ ಹೇಳುವುದು ಬಹಳ ಸರಳ: ಪೂರ್ತಿ ಥ್ರಾಟಲ್ ತಿರುಚಿ ಹೊರಡಬೇಡಿ, ಗಕ್ಕನೆ ವೇಗ ಹೆಚ್ಚಿಸಬೇಡಿ, ಜೋರು ಬ್ರೇಕು ಮತ್ತು ದಿಢೀರ್ ಡೌನ್‌ಶಿಫ್ಟ್ ಬೇಡ. ಕೆಲವು ಕಂಪನಿಗಳು ವೇಗದ ಮಿತಿ ಕೊಡ್ತವೆ, ಕೆಲವು ಆರ್‌ಪಿಎಂ ಮಿತಿ. ನಿಮ್ಮ ಗಾಡಿಗೆ ನಿಮ್ಮ ಮ್ಯಾನ್ಯುಅಲ್ ಬರೆದದ್ದೇ ಶಾಸನ. ಹಿಮದ ದೇಶಗಳಲ್ಲಿ ಹೊಸ ಸ್ನೋಮೊಬೈಲ್ ಕೊಂಡವರಿಗೂ ಇಂಥದೇ ಸೂಚನೆ ಇರುತ್ತೆ: ಮೊದಲ ಕೆಲವು ನೂರು ಕಿಲೋಮೀಟರು ಒಂದೇ ಸಮ ಪೂರ್ತಿ ಥ್ರಾಟಲ್ ಬೇಡ, ವೇಗ ಏರಿಳಿಸುತ್ತಾ ಓಡಿಸಿ. ಹಿಮವಾಗಲಿ, ಹಳಿಯಾಳದ ಕೆಂಪು ಧೂಳಾಗಲಿ, ಲೋಹದ ಸ್ವಭಾವ ಒಂದೇ.

ಸ್ಪೀಡೋಮೀಟರ್ ಅಲ್ಲ, ಎಂಜಿನ್ ಕೇಳಿ

60 ಕಿ.ಮೀ. ವೇಗ ಐದನೇ ಗೇರಿನಲ್ಲಿ ಎಂಜಿನ್‌ಗೆ ಆರಾಮ. ಅದೇ 60 ಮೂರನೇ ಗೇರಿನಲ್ಲಿ ಕಿರುಚಾಟ. ಹಾಗೇ ಐದನೇ ಗೇರಿನಲ್ಲಿ 25ಕ್ಕೆ ಬಂದು ಏರು ಹತ್ತಿಸಿದರೆ ಎಂಜಿನ್ ಗುದ್ದಿದ ಹಾಗೆ ಸದ್ದು ಮಾಡುತ್ತೆ. ಈ ಗುದ್ದಾಟ ಕಿರುಚಾಟದಷ್ಟೇ ಕೆಟ್ಟದ್ದು, ಯಾಕಂದ್ರೆ ನಿಧಾನ ತಿರುಗುವಾಗ ಆಯಿಲ್ ಪಂಪಿನ ಒತ್ತಡವೂ ಕಡಿಮೆ, ಬೇರಿಂಗ್ ಮೇಲೆ ಭಾರ ಮಾತ್ರ ಹೆಚ್ಚು. "ಗಾಡಿ ಹೊಸಾದೈತಿ, ಮೆಲ್ಲಗ ಹತ್ತಸೋಣು" ಅಂತ ಮೇಲಿನ ಗೇರಿನಲ್ಲೇ ಏದುಸಿರು ಬಿಡಿಸಿ ಏರು ಹತ್ತಿಸುವವರು ಇದನ್ನು ನೆನಪಿಡಿ. ಒಂದು ಗೇರು ಇಳಿಸಿ, ಹಗುರವಾಗಿ ಹತ್ತಿಸಿ.

ಟ್ಯಾಕೋಮೀಟರ್ ಇಲ್ಲದ ಗಾಡಿಯಾದರೆ ಥ್ರಾಟಲ್ ಲೆಕ್ಕ ಇಟ್ಟುಕೊಳ್ಳಿ. ಮ್ಯಾನ್ಯುಅಲ್‌ನಲ್ಲಿ ಬೇರೆ ಹೇಳಿರದಿದ್ದರೆ ಮೊದಲ 500 ಕಿ.ಮೀ. ಅರ್ಧ ಥ್ರಾಟಲ್ ದಾಟಬೇಡಿ. ಆಮೇಲೆ ಸಾವಿರದವರೆಗೆ ಮುಕ್ಕಾಲು. ನಡುನಡುವೆ ವೇಗ ಹೆಚ್ಚಿಸಿ, ಥ್ರಾಟಲ್ ಬಿಟ್ಟು ಗಾಡಿ ತಾನಾಗೇ ನಿಧಾನವಾಗಲು ಬಿಡಿ, ಮತ್ತೆ ಹೆಚ್ಚಿಸಿ.

ಒಂದು ಮಾತು ಸ್ಪಷ್ಟವಾಗಿರಲಿ. ಕಬ್ಬಿನ ಟ್ರ್ಯಾಕ್ಟರ್ ದಾಟುವಾಗ ಎದುರಿಗೆ ಲಾರಿ ಕಂಡರೆ ರನ್ನಿಂಗ್-ಇನ್ ಯೋಚಿಸುತ್ತಾ ಕೂರಬೇಡಿ. ಬೇಕಾದಷ್ಟು ಥ್ರಾಟಲ್ ಕೊಟ್ಟು ದಾಟಿ, ಇಲ್ಲವೇ ಬ್ರೇಕ್ ಹಿಡಿದು ಹಿಂದೆ ಸರಿಯಿರಿ. ಹತ್ತು ಸೆಕೆಂಡಿನ ಜೋರಿಗೆ ಎಂಜಿನ್ ಹಾಳಾಗುವುದಿಲ್ಲ. ಅದಕ್ಕಿಂತ ಒಳ್ಳೆಯದು, ಓವರ್‌ಟೇಕ್ ಮಾಡುವ ಅವಸರವೇ ಇಲ್ಲದ ಹೊತ್ತಿನಲ್ಲಿ ಹೊರಡುವುದು.

ನಮ್ಮ ರಸ್ತೆಗಳೇ ಒಳ್ಳೆಯ ಟ್ರ್ಯಾಕ್

ರನ್ನಿಂಗ್-ಇನ್‌ಗೆ ಕೆಟ್ಟ ರಸ್ತೆ ಯಾವುದು ಗೊತ್ತಾ? ನುಣ್ಣನೆಯ, ನೇರವಾದ ನಾಲ್ಕು ಪಥದ ಹೆದ್ದಾರಿ. ಬೆಂಗಳೂರಿನಲ್ಲಿ ಶುಕ್ರವಾರ ಗಾಡಿ ಬಿಡಿಸಿಕೊಂಡು, ಶನಿವಾರ ಬೆಳಗ್ಗೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು, ಎರಡು ಬ್ಯಾಗ್ ಕಟ್ಟಿ, 450 ಕಿ.ಮೀ.ಗೂ ಹೆಚ್ಚು ದೂರದ ದಾಂಡೇಲಿಗೆ ರ‍್ಯಾಫ್ಟಿಂಗ್‌ಗೆ ಹೊರಡುವವರು ಎಷ್ಟೋ ಜನ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟುವವರೆಗೂ ಒಂದೇ ಗೇರು, ಒಂದೇ ಥ್ರಾಟಲ್, ಒಂದೇ ಆರ್‌ಪಿಎಂ. ಹೊಸ ಎಂಜಿನ್‌ಗೆ ಬೇಡವಾದದ್ದೆಲ್ಲ ಒಂದೇ ದಿನದಲ್ಲಿ. ಹೋಗಲೇಬೇಕಾದರೆ ಐವತ್ತು-ಅರವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ಎಂಜಿನ್ ಆರಲು ಬಿಡಿ, ವೇಗವನ್ನು ಆಗಾಗ ಬದಲಿಸಿ. ನನ್ನನ್ನು ಕೇಳಿದರೆ ಮೊದಲ ಸಲ ರೈಲೋ ಬಸ್ಸೋ ಹತ್ತಿ, ಹೊಸ ಗಾಡಿಗೆ ಇನ್ನೊಂದು ತಿಂಗಳು ಕೊಡಿ.

ಊರಿನವರಿಗೆ ಆ ತಾಪತ್ರಯ ಇಲ್ಲ. ಕೆಎ-65 ಪ್ಲೇಟಿನ ಗಾಡಿಗಳಿಗೆ ಮನೆ ಬಾಗಿಲಲ್ಲೇ ಬೇಕಾದ ರಸ್ತೆಗಳಿವೆ.

ಮೊದಲ ವಾರಕ್ಕೆ ಹಳಿಯಾಳದ ಸುತ್ತಲಿನ ಬಯಲು ಸೀಮೆ. ಅಳ್ನಾವರದ ಕಡೆ, ದಾಂಡೇಲಿ ಕಡೆ, ಭತ್ತ-ಗೋವಿನಜೋಳ-ಕಬ್ಬಿನ ಹೊಲಗಳ ನಡುವಿನ ದಾರಿ. ಹಗುರ ಏರಿಳಿತ, ನಡುವೆ ಹಳ್ಳಿ, ಹಂಪು, ದನ, ಕಬ್ಬಿನ ಗಾಡಿ. ಬೇಡವೆಂದರೂ ಗೇರು ಬದಲಾಗ್ತಾನೇ ಇರುತ್ತೆ. ಪೇಪರ್ ಮಿಲ್ಲಿನ ಶಿಫ್ಟಿಗೋ ಕಾಲೇಜಿಗೋ ದಿನಾ 30 ಕಿ.ಮೀ. ಓಡಾಡುವವರಿಗೆ ಸಾವಿರ ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು. ಬೇರೆ ಏನೂ ಮಾಡಬೇಕಿಲ್ಲ, ರನ್ನಿಂಗ್-ಇನ್ ತಾನಾಗೇ ಆಗುತ್ತೆ.

ಎರಡು-ಮೂರನೇ ವಾರಕ್ಕೆ ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾ ಕಡೆ. ಸೂಪಾ ಅಣೆಕಟ್ಟೆಯ ಹತ್ತಿರದ ತಿರುವುಗಳಲ್ಲಿ ಥ್ರಾಟಲ್ ಕೊಡುವುದು, ಬಿಡುವುದು ಎರಡೂ ಸಹಜ. ಆದರೆ ಟೈರಿನ ಬಗ್ಗೆ ಹುಷಾರು. ಹೊಸ ಟೈರಿನ ಮೈ ನುಣುಪಾಗಿರುತ್ತೆ, ಮೊದಲ 100-150 ಕಿ.ಮೀ. ಹಿಡಿತ ಕಡಿಮೆ. ಅಂಥ ಟೈರಿನಲ್ಲಿ ಒದ್ದೆ ಬಿದಿರೆಲೆ ಬಿದ್ದ ತಿರುವಿನಲ್ಲಿ ಗಾಡಿ ವಾಲಿಸಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ ಕೂಡ. ಇಲ್ಲಿ ನಿಧಾನ ಹೋಗುವುದು ಎಂಜಿನ್‌ಗೆ ಮಾತ್ರವಲ್ಲ, ರಸ್ತೆ ದಾಟುವ ಜಿಂಕೆಗೂ ಒಳ್ಳೆಯದು. ಒಳಗಿನ ರಸ್ತೆಗಳಲ್ಲಿ ಪೆಟ್ರೋಲ್ ಬಂಕ್ ವಿರಳ, ಮೊಬೈಲ್ ನೆಟ್‌ವರ್ಕ್ ಆಗಾಗ ಮಾಯ. ಟ್ಯಾಂಕ್ ತುಂಬಿಸಿ, ಹೋಗುವ ದಾರಿ ಮನೆಯಲ್ಲಿ ಹೇಳಿ ಹೊರಡಿ.

ಮುಂಡಗೋಡದವರಿಗೆ ಯಲ್ಲಾಪುರ ಕಡೆಯ ಕಾಡುದಾರಿಯೂ ಇದೆ, ತಡಸ ಕಡೆಯ ಬಯಲುದಾರಿಯೂ ಇದೆ. ಒಂದು ದಿನ ಅದು, ಒಂದು ದಿನ ಇದು. 1966ರಲ್ಲಿ ಶುರುವಾದ ಟಿಬೆಟಿಯನ್ ಕಾಲೊನಿಯ ಕ್ಯಾಂಪ್‌ಗಳ ನಡುವೆ ಓಡಾಡಿ, ಅತ್ತಿವೇರಿ ಪಕ್ಷಿಧಾಮ ನೋಡಿ, ಮೊಮೊ ತಿಂದು ಬಂದರೆ ಸಂಜೆಗೆ ಓಡೋಮೀಟರ್ ಸಮಾಧಾನದಿಂದ ಮುಂದೆ ಹೋಗಿರುತ್ತೆ.

ಜೋಯಿಡಾದಿಂದ ಕದ್ರಾಕ್ಕೆ ಇಳಿಯುವ ಅಣಶಿ ಘಟ್ಟವನ್ನು ಮೊದಲ ಸರ್ವಿಸ್ ಆದ ಮೇಲಕ್ಕೆ ಇಟ್ಟುಕೊಳ್ಳಿ. ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಟ ಬೇಡವೇ ಬೇಡ. ಹೊಸ ಬ್ರೇಕು ಇನ್ನೂ ಕೂತಿರುವುದಿಲ್ಲ, ಅದರ ಮೇಲೆ ಪೂರ್ತಿ ಭಾರ ಹಾಕಿದರೆ ಬಿಸಿಯಾಗಿ ಹಿಡಿತ ಬಿಡುತ್ತೆ. ಎರಡು ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ.

ದಿನದ ಸಣ್ಣ ಕೆಲಸಗಳು

ಬೆಳಗ್ಗೆ ಸ್ಟಾರ್ಟ್ ಮಾಡಿ ಅರ್ಧ-ಒಂದು ನಿಮಿಷ ಸಾಕು. ಹತ್ತು ನಿಮಿಷ ನಿಲ್ಲಿಸಿಕೊಂಡು ಗುರ್ ಅನ್ನಿಸುವುದರಿಂದ ಲಾಭ ಇಲ್ಲ. ಮೊದಲ ಎರಡು-ಮೂರು ಕಿ.ಮೀ. ಹಗುರವಾಗಿ ಓಡಿಸಿದರೆ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಒಟ್ಟಿಗೆ ಬಿಸಿಯಾಗುತ್ತವೆ.

ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಕೂಡ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ 50ರಿಂದ 20ಕ್ಕೆ ಹದವಾಗಿ ಇಳಿಸಿ, ಮತ್ತೆ ವೇಗ ಹಿಡಿಯಿರಿ. ಇಪ್ಪತ್ತು-ಮೂವತ್ತು ಸಲ ಹೀಗೆ ಮಾಡಿದರೆ ಬ್ರೇಕಿನ ಹಿಡಿತ ಬದಲಾಗಿದ್ದು ನಿಮಗೇ ಗೊತ್ತಾಗುತ್ತೆ.

ಚೈನು ಹೊಸದರಲ್ಲಿ ಬೇಗ ಸಡಿಲವಾಗುತ್ತೆ. ವಾರಕ್ಕೊಮ್ಮೆ ಬೆರಳಿನಿಂದ ಎತ್ತಿ ನೋಡಿ. ಎಷ್ಟು ಸಡಿಲ ಇರಬೇಕು ಅನ್ನುವುದು ಹೆಚ್ಚಿನ ಗಾಡಿಗಳಲ್ಲಿ ಚೈನ್ ಪಕ್ಕದ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಅಲ್‌ನಲ್ಲೋ ಇರುತ್ತೆ. ಮಳೆಗಾಲದಲ್ಲಿ ಕೆಂಪು ರಾಡಿ ಮೆತ್ತಿದ ಚೈನನ್ನು ಒರೆಸಿ ಲ್ಯೂಬ್ ಹಾಕದೇ ಬಿಟ್ಟರೆ ಅದು ಗರಗಸದ ಕೆಲಸ ಮಾಡುತ್ತೆ.

ಆಯಿಲ್ ಮಟ್ಟ ವಾರಕ್ಕೊಮ್ಮೆ ನೋಡಿ, ಸಮತಟ್ಟು ಜಾಗದಲ್ಲಿ, ಗಾಡಿ ನೇರ ನಿಲ್ಲಿಸಿ. ಕಡಿಮೆ ಇದ್ದರೆ ಮನೆಯಲ್ಲಿ ಉಳಿದ ಕಾರಿನ ಆಯಿಲ್ ಸುರಿಯಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಕಾರಿನ ಆಯಿಲ್‌ನಲ್ಲಿರುವ ಜಾರಿಕೆಯ ಅಂಶಕ್ಕೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ, ಗ್ರೇಡ್ ಮ್ಯಾನ್ಯುಅಲ್‌ನಲ್ಲಿ ಹೇಳಿದ್ದೇ ಇದೆಯಾ, ಎರಡನ್ನೂ ನೋಡಿ ಕೊಳ್ಳಿ.

ಭಾರದ ಬಗ್ಗೆ: ಒಬ್ಬರು ಹಿಂದೆ ಕೂತರೆ ತೊಂದರೆ ಇಲ್ಲ. ಆದರೆ ಹಾಲಿನ ಕ್ಯಾನ್, ಗೊಬ್ಬರದ ಚೀಲ, ಗೋವಿನಜೋಳದ ಮೂಟೆ ಸಾವಿರ ದಾಟುವವರೆಗೆ ಹಳೇ ಗಾಡಿಯಲ್ಲೇ ಹೋಗಲಿ.

ಅಪ್ಪ ದಿನಾ ಮೂರೇ ಕಿ.ಮೀ. ಓಡಿಸ್ತಾರೆ, ಆಗ?

ಇದು ನಮ್ಮ ಕಡೆಯ ನಿಜವಾದ ಸಮಸ್ಯೆ. ಗಾಡಿ ಕೊಡಿಸಿದ ಮಗ ಅಥವಾ ಮಗಳು ಬೆಂಗಳೂರಿಗೆ ವಾಪಸ್. ಅಪ್ಪ ಡೇರಿಗೆ, ತೋಟಕ್ಕೆ ಮಾತ್ರ ಗಾಡಿ ತೆಗೀತಾರೆ, ಅದೂ ಎರಡನೇ ಗೇರಿನಲ್ಲಿ. ಇಷ್ಟು ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಹನಿಗಟ್ಟಿದ ನೀರಿನ ಅಂಶ ಆವಿಯಾಗದೇ ಆಯಿಲ್ಲಿಗೆ ಸೇರುತ್ತೆ, ರಿಂಗೂ ಕೂರುವುದಿಲ್ಲ. ವಾರಕ್ಕೆ ಒಂದು ಸಲ 20-30 ಕಿ.ಮೀ. ಒಂದೇ ಓಟದಲ್ಲಿ ಹೋಗಿಬರಲು ಹೇಳಿ. ಹಳಿಯಾಳದ ಸಂತೆಗೋ, ದಾಂಡೇಲಿಯ ನೆಂಟರ ಮನೆಗೋ. ಹಬ್ಬಕ್ಕೆ ಬಂದಾಗ ನೀವೇ ಒಂದು ಸುತ್ತು ಹಾಕಿ.

ಇನ್ನೊಂದು ವಿಷಯ: ಮೊದಲ ಸರ್ವಿಸ್‌ಗೆ ಕಿಲೋಮೀಟರ್ ಮಿತಿಯೂ ಇರುತ್ತೆ, ದಿನದ ಮಿತಿಯೂ ಇರುತ್ತೆ. ಯಾವುದು ಮೊದಲು ಬರುತ್ತೋ ಅದು. "ಇನ್ನೂ ಮುನ್ನೂರು ಕಿ.ಮೀ. ಆಗಿದೆ, ಆಮೇಲೆ ನೋಡೋಣ" ಅಂತ ಬಿಟ್ಟರೆ ವಾರಂಟಿಗೇ ತೊಡಕಾಗಬಹುದು. ನಿಮ್ಮ ಫೋನಿನಲ್ಲಿ ಇವತ್ತೇ ರಿಮೈಂಡರ್ ಹಾಕಿಕೊಳ್ಳಿ, ಅಪ್ಪನ ಫೋನಿನಲ್ಲಿ ಅಲ್ಲ.

ಮೊದಲ ಸರ್ವಿಸ್ ದಿನ

ರಿಂಗು, ಗೇರು ಸವೆದ ಲೋಹದ ಪುಡಿ ಎಲ್ಲ ಮೊದಲ ಆಯಿಲ್‌ನಲ್ಲೇ ಇರುತ್ತೆ. ಅದಕ್ಕೇ ಈ ಸರ್ವಿಸ್ ಬೇಗ ಬರುವುದು. ಗಾಡಿ ಬಿಟ್ಟು ಮನೆಗೆ ಬರುವ ಬದಲು ಅರ್ಧ ಗಂಟೆ ಅಲ್ಲೇ ಇರಿ, ಮರ್ಯಾದೆಯಿಂದ ಕೇಳಿ:

ಆಯಿಲ್ ಬದಲಿಸಿದ್ರಾ? ಫಿಲ್ಟರ್ ಬದಲಿಸಿದ್ರಾ, ಅಥವಾ ಸ್ಟ್ರೇನರ್ ತೊಳೆದ್ರಾ? ವಾಲ್ವ್ ಕ್ಲಿಯರೆನ್ಸ್ ಈ ಸರ್ವಿಸ್‌ನಲ್ಲಿ ಇದೆಯಾ? ಚೈನು, ಕ್ಲಚ್ ಕೇಬಲ್ ಅಡ್ಜಸ್ಟ್ ಆಯ್ತಾ? ನಟ್ಟು-ಬೋಲ್ಟ್, ಸ್ಪೋಕ್ ಬಿಗಿ ನೋಡಿದ್ರಾ?

ಬಸಿದ ಆಯಿಲ್ ತೋರಿಸಲು ಹೇಳಿ. ಬಿಸಿಲಿಗೆ ಹಿಡಿದರೆ ಬೆಳ್ಳಿಯ ಪುಡಿಯಂಥ ಹೊಳಪು ಕಂಡರೆ ಗಾಬರಿ ಬೇಡ, ಅದು ಸಹಜ. ಬೆರಳಿಗೆ ಸಿಗುವಂಥ ಚೂರು ಕಂಡರೆ ಮಾತ್ರ ಅಲ್ಲೇ ಕೇಳಿ, ಜಾಬ್‌ಕಾರ್ಡ್ ಮೇಲೆ ಬರೆಸಿ.

ಸ್ಕೂಟರ್ ಕೊಂಡವರಿಗೂ ಇದರಲ್ಲಿ ಹೆಚ್ಚಿನದು ಅನ್ವಯ, ಗೇರು, ಚೈನು, ಜಾಸೋ ಎಂಎ ಆಯಿಲ್‌ನ ಮಾತು ಬಿಟ್ಟು. ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಪಿಸ್ಟನ್ ರಿಂಗು ಇಲ್ಲ, ಆದರೆ ಟೈರು-ಬ್ರೇಕು ಅಲ್ಲೂ ಹೊಸದೇ. ಮೊದಲ ನೂರು-ನೂರೈವತ್ತು ಕಿಲೋಮೀಟರಿನ ಎಚ್ಚರ ಅದಕ್ಕೂ ಬೇಕು.

ಸರ್ವಿಸ್ ಮುಗಿದು ಹೊಸ ಆಯಿಲ್ ಬಿದ್ದ ಮೇಲೂ ಮರುದಿನವೇ ಫುಲ್ ಥ್ರಾಟಲ್ ಬೇಡ. ಇನ್ನೊಂದು ಐದುನೂರು ಕಿ.ಮೀ.ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗಿ. ಗೇರು ಮೊದಲಿಗಿಂತ ಮೆತ್ತಗೆ ಬೀಳುತ್ತೆ, ಎಂಜಿನ್ ಸದ್ದಿನ ಒರಟು ಹೋಗುತ್ತೆ, ಮೈಲೇಜ್ ಒಂದೆರಡು ಕಿಲೋಮೀಟರ್ ಏರಿದರೂ ಏರಬಹುದು. ಆಮೇಲೆ ಒಂದು ಭಾನುವಾರ ಬೆಳಗ್ಗೆ ಬೇಗ ಎದ್ದು ಜೋಯಿಡಾ, ಕುಂಬಾರವಾಡಾ ದಾಟಿ ಅಣಶಿ ಘಟ್ಟ ಇಳಿಯಿರಿ. ಕಾರವಾರದಲ್ಲಿ ಮೀನೂಟ ಮಾಡಿ, ಕತ್ತಲಾಗುವ ಮುಂಚೆ ಮೇಲೆ ಹತ್ತಿಬಿಡಿ.